ಬೆರಳಿನ ಅಂಕಿ ಯಾರದು?

ಪಿಯಾನೋ ಕಲಿಯುವ ಮಕ್ಕಳಿರುವ ಮನೆಗೆ ಒಂದಲ್ಲ ಒಂದು ದಿನ ಪಿಯಾನೋ ಮಿಸ್ ಬರೆದುಕೊಟ್ಟ ಚೀಟಿಯೊಂದು ಬರುತ್ತದೆ. ‘ಶೋಪ್ಯಾನ್, ಎಟ್ಯೂಡ್ಸ್, ಓಪಸ್ 10’ ಎಂದಷ್ಟೇ ಅದರಲ್ಲಿರುತ್ತದೆ. ಅಪ್ಪನೋ ಅಮ್ಮನೋ ಅದನ್ನು ಹಿಡಿದು ಸಂಗೀತದ ಅಂಗಡಿಗೆ ಹೋದರೆ ಅಲ್ಲಿಯವರು ಮೊದಲು ಕೇಳುವ ಮಾತು, “ಯಾವ ಎಡಿಷನ್ ಸಾರ್?” ಚೀಟಿಯಲ್ಲಿ ಅದಿಲ್ಲ. ಮೇಜಿನ ಮೇಲೆ ಹಳದಿ ರಟ್ಟಿನದೊಂದು, ನೀಲಿಯದೊಂದು, ಕೆಂಪಿನದೊಂದು. ಒಳಗಿರುವ ಹನ್ನೆರಡು ಎಟ್ಯೂಡುಗಳು ಅವೇ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಕೆಲವರು ಅಗ್ಗದ್ದು ತರುತ್ತಾರೆ. ದುಬಾರಿಯಾದದ್ದು ಒಳ್ಳೆಯದೇ ಇರಬೇಕು ಎಂದು ಕೆಲವರು ಅದನ್ನೇ ತರುತ್ತಾರೆ. ಪುಸ್ತಕದೊಳಗೆ ಏನು ನೋಡಬೇಕು ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ. ಅದನ್ನು ಯಾರೂ ಹೇಳಿಕೊಟ್ಟಿರುವುದೂ ಇಲ್ಲ.

ಎಟ್ಯೂಡ್ ಅಂದರೆ ಅಭ್ಯಾಸದ ತುಣುಕು. ಬೆರಳಿಗೆ ಒಂದೇ ಒಂದು ಕಷ್ಟವನ್ನು ಕೊಟ್ಟು, ಅದನ್ನೇ ಎರಡು ಮೂರು ಪುಟ ಉದ್ದಕ್ಕೂ ಬಿಡದೆ ಕಾಡಿಸುವುದು ಅದರ ಜಾಯಮಾನ. ಪಿಯಾನೋ ಎಂಬ ವಾದ್ಯ ಯುರೋಪಿನ ಮನೆಮನೆಗೂ ಹೊಕ್ಕ ಕಾಲದಲ್ಲಿ ಇಂಥ ಪುಸ್ತಕಗಳ ಸುಗ್ಗಿ ಶುರುವಾಯಿತು. ಲಂಡನ್ನಿನಲ್ಲಿ ನೆಲೆಸಿದ್ದ ಕ್ರಾಮರ್ 1804 ಮತ್ತು 1810ರಲ್ಲಿ ನಲವತ್ತೆರಡು ನಲವತ್ತೆರಡರಂತೆ ಎಂಬತ್ನಾಲ್ಕು ಅಭ್ಯಾಸಗಳನ್ನು ಪ್ರಕಟಿಸಿದ. ಅವನ ಗುರು ಕ್ಲೆಮೆಂಟಿ 1817ರಿಂದ 1826ರವರೆಗೆ ಮೂರು ಸಂಪುಟಗಳಲ್ಲಿ ನೂರು ತುಣುಕುಗಳನ್ನು ಹೊರತಂದ. ವಿಯೆನ್ನಾದ ಚೆರ್ನಿಯಂತೂ ಬೀಥೋವನ್ನನ ಶಿಷ್ಯ, ಲಿಸ್ಟ್‌ನ ಗುರು. ಅವನ ಓಪಸ್ ಸಂಖ್ಯೆಗಳೇ 861ರವರೆಗೆ ಹೋಗುತ್ತವೆ. ಅದರಲ್ಲಿ ಅಭ್ಯಾಸದ ಪುಸ್ತಕಗಳು ಎಷ್ಟೋ. ಇವೆಲ್ಲ ಸಾಧನೆಗೆಂದು ಮನೆಯೊಳಗೆ ನುಡಿಸುವ ಸಂಗೀತ. 1833ರಲ್ಲಿ, ಇಪ್ಪತ್ಮೂರರ ಹರೆಯದ ಶೋಪ್ಯಾನ್ ತನ್ನ ಓಪಸ್ 10ನ್ನು ಗೆಳೆಯ ಲಿಸ್ಟ್‌ನಿಗೆ ಅರ್ಪಿಸಿ ಪ್ರಕಟಿಸಿದ. ಅಲ್ಲಿಂದ ಎಟ್ಯೂಡ್ ಕಛೇರಿಯ ವೇದಿಕೆಗೂ ಬಂತು. 1837ರಲ್ಲಿ ಓಪಸ್ 25ರ ಇನ್ನೊಂದು ಹನ್ನೆರಡು, ಅದಾದ ಮೇಲೆ ಒಂದು ಪಿಯಾನೋ ಪಠ್ಯಕ್ಕೆಂದು ಬರೆದ ಮೂರು, ಒಟ್ಟು ಇಪ್ಪತ್ತೇಳು. ಇವತ್ತಿನ ಮಾತಿನ ಬಹುಭಾಗ ಈ ಇಪ್ಪತ್ತೇಳರ ಸುತ್ತಲೇ.

ಪಿಯಾನೋ ಪುಸ್ತಕ ತೆರೆದರೆ ಸ್ವರಗಳ ತಲೆಯ ಮೇಲೂ ಕೆಳಗೂ ಸಣ್ಣ ಸಣ್ಣ ಅಂಕಿಗಳು ಕಾಣುತ್ತವೆ. ಹೆಬ್ಬೆರಳಿಗೆ 1, ತೋರುಬೆರಳಿಗೆ 2, ಹೀಗೆ ಕಿರುಬೆರಳಿಗೆ 5. ಯಾವ ಸ್ವರವನ್ನು ಯಾವ ಬೆರಳಲ್ಲಿ ಒತ್ತಬೇಕು ಎಂಬ ಸೂಚನೆ ಇದು. ಸೊನಾಟಾದಂಥ ಕೃತಿಯಲ್ಲಿ ಈ ಅಂಕಿ ಒಂದು ಸಹಾಯ ಅಷ್ಟೆ. ನಿಮ್ಮ ಕೈಗೆ ಒಗ್ಗದಿದ್ದರೆ ಬದಲಾಯಿಸಿಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಎಟ್ಯೂಡಿನಲ್ಲಿ ಹಾಗಲ್ಲ. ಅಲ್ಲಿ ಎಷ್ಟೋ ಸಲ ಆ ಅಂಕಿಯೇ ಪಾಠ. ಅಂಕಿ ಬದಲಾಯಿಸಿದರೆ ಕಿವಿಗೆ ಅದೇ ಸ್ವರ ಕೇಳಿಸೀತು, ಆದರೆ ಕೈ ಕಲಿಯುವುದು ಬೇರೆಯೇ ಆಗುತ್ತದೆ.

ಓಪಸ್ 10ರ ಎರಡನೆಯದನ್ನೇ ನೋಡಿ. ಬಲಗೈಯಲ್ಲಿ ಮೇಲೊಂದು ಸ್ವರಮಾಲೆ. ಕಪ್ಪು ಕೀ ಬಿಳಿ ಕೀ ಯಾವುದನ್ನೂ ಬಿಡದೆ, ಒಂದರ ಪಕ್ಕದ್ದು ಒಂದು ಎಂದು ಹಾವಿನಂತೆ ಹರಿಯುತ್ತಲೇ ಇರುತ್ತದೆ. ಅಂಥ ಓಟಕ್ಕೆ ಯಾರಾದರೂ ಕೈಯ ಬಲವಾದ ಬೆರಳುಗಳನ್ನು, ಅಂದರೆ ಹೆಬ್ಬೆರಳು, ತೋರುಬೆರಳು, ನಡುಬೆರಳನ್ನು ಬಳಸಿಯಾರು. ಶೋಪ್ಯಾನ್ ಆ ದಾರಿಯನ್ನೇ ಮುಚ್ಚಿಬಿಟ್ಟ. ಹೆಬ್ಬೆರಳು, ತೋರುಬೆರಳುಗಳಿಗೆ ಅದೇ ಕೈಯಲ್ಲಿ ಬೇರೆ ಕೆಲಸ: ಪ್ರತಿ ತಾಳಕ್ಕೂ ಕೆಳಗೆ ಮೊಟಕಾದ ಸ್ವರಗುಚ್ಛವೊಂದನ್ನು ಮುಟ್ಟಿ ಬಿಡುವುದು. ಓಟದ ಹೊರೆ ಬಿದ್ದದ್ದು ನಡುಬೆರಳು, ಉಂಗುರಬೆರಳು, ಕಿರುಬೆರಳ ಮೇಲೆ. ಅವು ಒಂದರ ಮೇಲೊಂದು ದಾಟಿ ದಾಟಿ ನಡೆಯಬೇಕು. ಕೈಯಲ್ಲೇ ದುರ್ಬಲವಾದ ಬೆರಳೆರಡು ಸೇರಿದ ಗುಂಪಿಗೆ ಇಂಥ ಕೆಲಸ! ಇದನ್ನು ಯಾರೂ ತಪ್ಪಾಗಿ ತಿಳಿಯದಿರಲಿ ಎಂದು ಅವನು ಆ ಸ್ವರಗಳ ಮೇಲೆ ಒಂದನ್ನೂ ಬಿಡದಂತೆ ಎನ್ನುವಷ್ಟು ದಟ್ಟವಾಗಿ ಅಂಕಿ ಬರೆದಿದ್ದಾನೆ. ನಡುಬೆರಳು, ಉಂಗುರಬೆರಳು ಒಂದನ್ನೊಂದು ದಾಟುವ ಈ ಕ್ರಮ ಹಾರ್ಪ್ಸಿಕಾರ್ಡಿನ ಕಾಲದ್ದು. ಹೆಬ್ಬೆರಳನ್ನು ಅಂಗೈ ಕೆಳಗೆ ತೂರಿಸುವ ಕ್ರಮ ಬಂದಮೇಲೆ ಮೇಷ್ಟರುಗಳು ಮರೆತಿದ್ದ ಹಳೆಯ ವಿದ್ಯೆಯನ್ನು ಶೋಪ್ಯಾನ್ ಎಬ್ಬಿಸಿ ತಂದ. ಯಾರೋ ಸಂಪಾದಕ ಉಪಕಾರ ಮಾಡುತ್ತೇನೆಂದು ಕೆಳಗಿನ ಆ ಗುಚ್ಛವನ್ನು ಎಡಗೈಗೆ ವರ್ಗಾಯಿಸಿದರೆ ಈ ಎಟ್ಯೂಡಿನಲ್ಲಿ ಉಳಿಯುವುದೇನು? ಮುದ್ದಾದೊಂದು ರಾಗ. ಅಭ್ಯಾಸ ಮಾಯ.

ಬೆರಳ ಬಗ್ಗೆ ಅವನ ನಿಲುವೇ ಆ ಕಾಲದವರಿಗಿಂತ ಬೇರೆ. ಐದು ಬೆರಳಿಗೂ ಸಮಬಲ ಬರಲಿ ಎಂದು ಉಳಿದವರು ಗಂಟೆಗಟ್ಟಲೆ ಕಸರತ್ತು ಮಾಡಿಸುತ್ತಿದ್ದರು. ಶೋಪ್ಯಾನ್ ಒಂದೊಂದು ಬೆರಳಿನ ರಚನೆಯೇ ಬೇರೆ, ಅದರ ಸ್ವಭಾವವನ್ನು ಕೆಡಿಸಬಾರದು ಎಂದು ನಂಬಿದ್ದ. ಪಿಯಾನೋ ಬೋಧನೆಯ ಪುಸ್ತಕವೊಂದಕ್ಕೆ ಅವನು ಮಾಡಿಕೊಂಡ ಅರೆಬರೆ ಟಿಪ್ಪಣಿಗಳು ಉಳಿದಿವೆ. ಅದರಲ್ಲಿ ಕೈ ಇಡುವ ಮೊದಲ ಜಾಗ ನಾವು ಮಕ್ಕಳಿಗೆ ಹೇಳಿಕೊಡುವ ಸಿ, ಡಿ, ಇ ಅಲ್ಲ. ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ. ಉದ್ದದ ಮೂರು ಬೆರಳು ಎತ್ತರದ ಕಪ್ಪು ಕೀಗಳ ಮೇಲೆ, ಗಿಡ್ಡ ಬೆರಳೆರಡು ಬಿಳಿ ಕೀಗಳ ಮೇಲೆ, ಕೈ ತಾನಾಗಿ ಕೂತುಕೊಳ್ಳುತ್ತದೆ. ಎಲ್ಲರೂ ಮೊದಲು ಕಲಿಸುವ ಸಿ ಮೇಜರ್ ಸ್ಕೇಲ್ ಅವನ ಮತದಲ್ಲಿ ಓದಲು ಸುಲಭ, ಕೈಗೆ ಮಾತ್ರ ಅತಿ ಕಷ್ಟ. ಹೀಗೆ ಯೋಚಿಸಿದವನು ಬರೆದ ಅಂಕಿಯನ್ನೂ, ಅವನು ಸತ್ತು ಅರವತ್ತು ವರ್ಷದ ಮೇಲೆ ಯಾರೋ ಬರೆದ ಅಂಕಿಯನ್ನೂ ಒಂದೇ ಅಚ್ಚಿನ ಮೊಳೆಯಲ್ಲಿ ಪಕ್ಕಪಕ್ಕ ಮುದ್ರಿಸಿದರೆ ಕಲಿಯುವವರಿಗೆ ಅನ್ಯಾಯವಾಗುವುದಿಲ್ಲವೆ?

ಆದ್ದರಿಂದ ಪುಸ್ತಕ ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆ ಒಂದೇ. ಈ ಅಂಕಿ ಯಾರದು? ಶೋಪ್ಯಾನನದೋ, ಸಂಪಾದಕನದೋ? ಪುಸ್ತಕ ಅದನ್ನು ಬಾಯಿಬಿಟ್ಟು ಹೇಳುತ್ತದೆಯೋ ಇಲ್ಲವೋ?

ಹೇಳುವುದೂ ಅಷ್ಟು ಸುಲಭದ ಕೆಲಸವಲ್ಲ. ಆಗ ಒಂದು ದೇಶದ ಪ್ರಕಾಶನದ ಹಕ್ಕು ಇನ್ನೊಂದು ದೇಶದಲ್ಲಿ ನಡೆಯುತ್ತಿರಲಿಲ್ಲ. ಕಳ್ಳ ಮುದ್ರಣದ ಕಾಟ ತಪ್ಪಿಸಲು ಶೋಪ್ಯಾನ್ ಒಂದೇ ಕೃತಿಯನ್ನು ಮೂರು ಕಡೆ ಮಾರುತ್ತಿದ್ದ. ಓಪಸ್ 10 ಪ್ಯಾರಿಸ್ಸಿನಲ್ಲಿ ಶ್ಲೆಸಿಂಗರ್, ಲೈಪ್‌ಜಿಗ್‌ನಲ್ಲಿ ಕಿಸ್ಟ್ನರ್, ಲಂಡನ್ನಿನಲ್ಲಿ ವೆಸೆಲ್ ಇವರಿಂದ ಹೊರಬಂತು. ಮೂರೂ ‘ಮೊದಲ ಮುದ್ರಣ’ಗಳೇ, ಆದರೆ ಮೂರೂ ಅಕ್ಷರಶಃ ಒಂದೇ ಅಲ್ಲ. ನಡುವೆ ಗೆಳೆಯರು ಮಾಡಿಕೊಟ್ಟ ಕೈಬರಹದ ನಕಲುಗಳಿವೆ, ಅಚ್ಚಿನ ಹೊತ್ತಿಗೆ ಅವನೇ ಮಾಡಿದ ತಿದ್ದುಪಡಿಗಳಿವೆ. ಇಷ್ಟು ಸಾಲದೆಂಬಂತೆ ಪಾಠ ಹೇಳುವಾಗ ಶಿಷ್ಯೆಯರ ಪುಸ್ತಕದಲ್ಲಿ ಪೆನ್ಸಿಲಿನಿಂದ ಅಂಕಿ ಹಾಕುತ್ತಿದ್ದ, ಸ್ವರ ತಿದ್ದುತ್ತಿದ್ದ. ಸ್ಕಾಟ್ಲೆಂಡಿನ ಜೇನ್ ಸ್ಟರ್ಲಿಂಗ್ ಎಂಬ ಶಿಷ್ಯೆಯ ಅಂಥ ಏಳು ಸಂಪುಟಗಳು ಉಳಿದುಕೊಂಡಿವೆ. ಅವನ್ನೇ ಆಧಾರವಾಗಿಟ್ಟುಕೊಂಡು ಎಡ್ವಾರ್ಡ್ ಗಾಂಷ್ 1932ರಲ್ಲಿ ಆಕ್ಸ್‌ಫರ್ಡ್ ಮುದ್ರಣವೊಂದನ್ನು ಹೊರತಂದರು. ನಮ್ಮ ಕರ್ನಾಟಕ ಸಂಗೀತದವರಿಗೆ ಈ ಪೇಚು ಅರ್ಥವಾಗುತ್ತದೆ. ಒಬ್ಬರೇ ಗುರುವಿನ ಇಬ್ಬರು ಶಿಷ್ಯರು ಒಂದೇ ಕೀರ್ತನೆಯನ್ನು ಎರಡು ಪಾಠಾಂತರದಲ್ಲಿ ಹಾಡುತ್ತಾರೆ, ಇಬ್ಬರದೂ ಗುರುಮುಖೇನ ಬಂದದ್ದೇ.

ಗುರುಮುಖೇನ ಎಂದಾಗ ಕಾರ್ಲ್ ಮಿಕುಲಿಯ ಹೆಸರು ಬರಬೇಕು. ಶೋಪ್ಯಾನನ ಬಳಿ ನೇರವಾಗಿ ಕಲಿತವನು. 1880ರ ಹೊತ್ತಿಗೆ ಕಿಸ್ಟ್ನರ್ ಪ್ರಕಟಿಸಿದ ಅವನ ಸಂಪಾದನೆ ಅಗ್ಗದ ಮರುಮುದ್ರಣಗಳ ರೂಪದಲ್ಲಿ ಇವತ್ತಿಗೂ ಸಿಗುತ್ತದೆ. ಶಿಷ್ಯನದು ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕಲಾಗದು, ಅದೇ ಕಾರಣಕ್ಕೆ ಪ್ರಮಾಣ ಎನ್ನಲೂ ಆಗದು. ಗುರು ಸತ್ತು ಮೂವತ್ತು ವರ್ಷದ ಮೇಲೆ ಮಾಡಿದ ಕೆಲಸ ಅದು. ಬೆರಳಿನ ಅಂಕಿಗಳಲ್ಲಿ ಅವನದೇ ಬಹಳ. ಹಳದಿ ರಟ್ಟಿನ ಅಮೆರಿಕದ ಶಿರ್ಮರ್ ಮುದ್ರಣ ನಮ್ಮಲ್ಲಿ ಸಿಗುವುದು ಹೆಚ್ಚು. ಅದರಲ್ಲಿ ಶೋಪ್ಯಾನನ ಹಲವು ಸಂಪುಟಗಳು ಮಿಕುಲಿಯವು. ಎಟ್ಯೂಡುಗಳಿಗೆ ಮಿಕುಲಿಯದೂ ಇದೆ, ಲಿಸ್ಟ್‌ನ ಶಿಷ್ಯ ಫ್ರೀಡ್‌ಹೈಮ್ ಸಂಪಾದಿಸಿದ್ದೂ ಇದೆ. ಒಂದೇ ಬಣ್ಣದ ರಟ್ಟು, ಒಳಗೆ ಬೇರೆ ಬೇರೆ ಕೈ. ರಟ್ಟಿನ ಬಣ್ಣ ನೋಡಿ ಕೊಳ್ಳುವವರು ಇದನ್ನು ಗಮನಿಸಬೇಕು.

ಇಪ್ಪತ್ತನೆಯ ಶತಮಾನದಲ್ಲಿ ‘ಉರ್‌ಟೆಕ್ಸ್ಟ್’ ಎಂಬ ಜರ್ಮನ್ ಮಾತು ರಟ್ಟುಗಳ ಮೇಲೆ ಕಾಣಿಸತೊಡಗಿತು. ಮೂಲಪಾಠ ಎಂದರ್ಥ. ಗ್ಯುಂಟರ್ ಹೆನ್ಲೆ 1948ರಲ್ಲಿ ಶುರುಮಾಡಿದ ಪ್ರಕಾಶನದ ನೀಲಿ ಪುಸ್ತಕಗಳು ಈ ಮಾತಿಗೆ ಮರ್ಯಾದೆ ತಂದುಕೊಟ್ಟವು. ಎಟ್ಯೂಡುಗಳನ್ನು ಅಲ್ಲಿ ಸಂಪಾದಿಸಿದವರು ಎವಾಲ್ಡ್ ಸಿಮರ್‌ಮನ್. ಕೆಂಪು ರಟ್ಟಿನ ವಿಯೆನ್ನಾ ಮುದ್ರಣ ಪಾಲ್ ಬಡೂರಾ-ಸ್ಕೋಡಾ ಅವರದು, ಅವರು ಸ್ವತಃ ದೊಡ್ಡ ವಾದಕರು. ಎರಡೂ ನಂಬಿಕೆಗೆ ಅರ್ಹ. ಆದರೆ ‘ಉರ್‌ಟೆಕ್ಸ್ಟ್’ ಎಂಬ ಮಾತನ್ನು ಯಾರು ಬೇಕಾದರೂ ರಟ್ಟಿನ ಮೇಲೆ ಅಚ್ಚು ಹಾಕಿಸಬಹುದು, ಅದಕ್ಕೇನೂ ಪರವಾನಗಿ ಬೇಕಿಲ್ಲ. ಮೂರು ಮೊದಲ ಮುದ್ರಣಗಳಿರುವ ಕೃತಿಗೆ ‘ಏಕೈಕ ಮೂಲಪಾಠ’ ಎಲ್ಲಿಂದ ಬರಬೇಕು? ಒಳ್ಳೆಯ ಉರ್‌ಟೆಕ್ಸ್ಟ್ ಈ ಕಷ್ಟವನ್ನು ಮುಚ್ಚಿಡುವುದಿಲ್ಲ. ಪುಸ್ತಕದ ಕೊನೆಗೋ, ಬೇರೆಯ ಕಿರುಹೊತ್ತಿಗೆಯಲ್ಲೋ ಎಲ್ಲಿ ಯಾವ ಆಕರವನ್ನು ಹಿಡಿದೆವು ಎಂದು ಲೆಕ್ಕ ಒಪ್ಪಿಸುತ್ತದೆ. ಆ ಲೆಕ್ಕವಿಲ್ಲದ ಉರ್‌ಟೆಕ್ಸ್ಟನ್ನು ನಾನು ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ.

ಶೋಪ್ಯಾನನ ತಾಯ್ನಾಡಾದ ಪೋಲೆಂಡಿನವರ ಮುದ್ರಣಗಳು ಎರಡು. ಒಂದು ಪಿಯಾನೋ ವಾದಕ ಪಾಡೆರೆವ್ಸ್ಕಿಯ ಹೆಸರಿನದು. ಅವರು 1941ರಲ್ಲೇ ತೀರಿಕೊಂಡರು. ಪುಸ್ತಕಗಳು ಹೊರಬಂದದ್ದು ಯುದ್ಧ ಮುಗಿದ ಮೇಲೆ, 1949ರಿಂದ. ನಿಜವಾದ ದುಡಿಮೆ ಬ್ರೊನಾರ್ಸ್ಕಿ, ತುರ್ಚಿನ್ಸ್ಕಿ ಎಂಬಿಬ್ಬರದು. ಒಂದೆರಡು ತಲೆಮಾರು ಇದರಲ್ಲೇ ಕಲಿತಿದೆ. ಬೇರೆ ಬೇರೆ ಆಕರಗಳನ್ನು ಕಲಸಿದರು, ಸ್ವರಗಳನ್ನು ಬರೆಯುವ ರೀತಿಯನ್ನು ವ್ಯಾಕರಣಕ್ಕೆ ತಕ್ಕಂತೆ ತಿದ್ದಿದರು ಎಂಬ ಆಕ್ಷೇಪ ಅದರ ಮೇಲಿದೆ, ಅದು ಸರಿಯಾದದ್ದೇ. ಇನ್ನೊಂದು ಯಾನ್ ಎಕಿಯರ್ ಅವರ ರಾಷ್ಟ್ರೀಯ ಆವೃತ್ತಿ. 1959ರಲ್ಲಿ ಕೈಗೆತ್ತಿಕೊಂಡ ಕೆಲಸ ಪೂರೈಸಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಎಕಿಯರ್‌ಗೆ ತೊಂಬತ್ತಾರು ದಾಟಿತ್ತು. ವಾರ್ಸಾದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಶೋಪ್ಯಾನ್ ಸ್ಪರ್ಧೆಗೆ ಶಿಫಾರಸಾಗಿರುವುದು ಇದೇ. ಇದರಲ್ಲಿ ಶೋಪ್ಯಾನನ ಅಂಕಿ ನೇರವಾಗಿ ದಪ್ಪಗೆ ನಿಂತಿರುತ್ತದೆ, ಸಂಪಾದಕನದು ಸಣ್ಣಗೆ ಓರೆಯಾಗಿ ಮಲಗಿರುತ್ತದೆ. ಒಂದು ಎಚ್ಚರಿಕೆ: ಎಲ್ಲ ಪ್ರಕಾಶಕರೂ ಇದೇ ಕ್ರಮ ಹಿಡಿಯುವುದಿಲ್ಲ. ಓರೆ ಅಂಕಿಯನ್ನೇ ಕೃತಿಕಾರನಿಗೆ ಮೀಸಲಿಡುವವರೂ ಇದ್ದಾರೆ. ಹಾಗಾಗಿ ಮುನ್ನುಡಿ ಓದದೆ ಮೊದಲ ಸ್ವರ ಒತ್ತಬಾರದು. ಶೋಪ್ಯಾನ್ ಎಟ್ಯೂಡುಗಳಿಗೆ ಒಂದೇ ಪುಸ್ತಕ ಕೊಳ್ಳುವ ಶಕ್ತಿ ಇದ್ದರೆ ನಾನು ಹೇಳುವುದು ಎಕಿಯರ್ ಅವರದನ್ನು. ಅವನ ಬೆರಳನ್ನೂ ನಮ್ಮ ಬೆರಳನ್ನೂ ಅದು ಬೆರೆಸುವುದಿಲ್ಲ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಓಪಸ್ 10ರ ಮೂರನೆಯದನ್ನು ತೆರೆಯಿರಿ. ಮೇಲೆ ದೊಡ್ಡದಾಗಿ ‘ತ್ರಿಸ್ತೆಸ್’, ದುಃಖ, ಎಂದು ಹೆಸರಿದ್ದರೆ ಅದು ಶೋಪ್ಯಾನ್ ಇಟ್ಟದ್ದಲ್ಲ. ಹನ್ನೆರಡನೆಯದರ ‘ಕ್ರಾಂತಿ’ಯೂ ಅಷ್ಟೆ. ಕೃತಿಗಳಿಗೆ ಅಂದಚಂದದ ಹೆಸರಿಟ್ಟು ಮಾರುತ್ತಿದ್ದ ಲಂಡನ್ನಿನ ವೆಸೆಲ್ ಮೇಲೆ ಶೋಪ್ಯಾನ್ ಪತ್ರದಲ್ಲಿ ಸಿಡಿಮಿಡಿಗೊಂಡದ್ದುಂಟು. ಆಮೇಲೆ ಅದೇ ಮೂರನೆಯದರ ಲಯಸೂಚನೆ ನೋಡಿ. ಇವತ್ತು ಎಲ್ಲರೂ ಎಳೆದೆಳೆದು ನಿಧಾನವಾಗಿ ನುಡಿಸುವ ಈ ರಾಗಕ್ಕೆ ಶೋಪ್ಯಾನ್ 1832ರ ಹಸ್ತಪ್ರತಿಯಲ್ಲಿ ಕೊಟ್ಟ ಸೂಚನೆ ‘ವಿವಾಚೆ’, ಅಂದರೆ ಚುರುಕಾಗಿ. ಅದಕ್ಕೆ ‘ತೀರಾ ಅತಿಯಾಗದಂತೆ’ ಎಂಬ ಮಾತು ಸೇರಿತು. ಅಚ್ಚಾಗುವಾಗ ಅದು ‘ಲೆಂತೋ’, ನಿಧಾನ, ಆಯಿತು. ಹಾಗಿದ್ದೂ ಮೆಟ್ರೊನೋಮಿನ ಲೆಕ್ಕ ಮಾತ್ರ ಅರ್ಧ ತಾಳಕ್ಕೆ 100, ನಾವು ಕೇಳಿ ರೂಢಿಯಾಗಿರುವುದಕ್ಕಿಂತ ಸಾಕಷ್ಟು ಬಿರುಸು. ಈ ಕಥೆಯನ್ನು ಟಿಪ್ಪಣಿಯಲ್ಲಾದರೂ ಹೇಳುವ ಪುಸ್ತಕ ನಿಮ್ಮನ್ನು ಬುದ್ಧಿವಂತರೆಂದು ಭಾವಿಸಿದೆ.

ಇನ್ನೊಂದು ಜಾತಿಯ ಪುಸ್ತಕವಿದೆ, ಅದನ್ನು ಮೂಲಪಾಠದ ತಕ್ಕಡಿಯಲ್ಲಿ ತೂಗಬಾರದು. 1915ರಿಂದ ಪ್ರಕಟವಾದ, ಪಿಯಾನೋ ವಾದಕ ಆಲ್ಫ್ರೆಡ್ ಕೊರ್ತೋ ಅವರ ‘ಅಭ್ಯಾಸದ ಆವೃತ್ತಿ’. ಪ್ರತಿ ಎಟ್ಯೂಡಿಗೂ ಮುಂಚೆ ಪುಟಗಟ್ಟಲೆ ಪೂರ್ವತಯಾರಿ: ಈ ತುಣುಕಿನಲ್ಲಿ ಕಷ್ಟ ಎಲ್ಲಿದೆ, ಅದನ್ನು ಬಿಡಿಸಿ ಬಿಡಿಸಿ ಹೇಗೆ ಸಾಧಿಸಬೇಕು, ಲಯ ಬದಲಿಸಿ ಹೇಗೆ ನುಡಿಸಬೇಕು. ಕಷ್ಟದ ಸಾಲನ್ನು ಉರುಹೊಡೆಯುವುದಕ್ಕಿಂತ ಆ ಸಾಲಿನೊಳಗಿನ ಕಷ್ಟವನ್ನು ಹಿಡಿದು ಸಾಧಿಸಬೇಕೆಂಬುದು ಅವರ ಸೂತ್ರ. ಪಾಠಶುದ್ಧಿಗೆ ಇದನ್ನು ಆಧಾರ ಮಾಡಿಕೊಳ್ಳಬೇಡಿ. ಆದರೆ ಒಳ್ಳೆಯ ಮೇಷ್ಟರು ಹತ್ತಿರವಿಲ್ಲದ ಊರಲ್ಲಿ ಕಲಿಯುವವರಿಗೆ ಇದರಷ್ಟು ಉಪಕಾರ ಮಾಡುವ ಪುಸ್ತಕ ನಾನು ಕಂಡಿಲ್ಲ. ಎಕಿಯರ್ ಪಿಯಾನೋ ಮೇಲೆ, ಕೊರ್ತೋ ಪಕ್ಕದ ಸ್ಟೂಲಿನ ಮೇಲೆ.

ಚೆರ್ನಿ, ಕ್ರಾಮರ್, ಕ್ಲೆಮೆಂಟಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಚೆರ್ನಿಗೆ ಅಚ್ಚು ಸ್ಪಷ್ಟವಾಗಿದ್ದು, ಪಿಯಾನೋದ ಮೇಲಿಟ್ಟರೆ ಮುಚ್ಚಿಕೊಳ್ಳದ ಹೊಲಿಗೆ ಇದ್ದರೆ ಸಾಕು, ಅಗ್ಗದ್ದನ್ನೇ ತನ್ನಿ. ಕ್ರಾಮರ್, ಕ್ಲೆಮೆಂಟಿ ಕೊಳ್ಳುವಾಗ ಒಂದು ತಿಳಿದಿರಲಿ: ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಇಡಿಯ ಕೃತಿಯಲ್ಲ. ಕ್ರಾಮರನಿಂದ ಹಾನ್ಸ್ ಫಾನ್ ಬ್ಯೂಲೋ ಆರಿಸಿದ್ದು, ಕ್ಲೆಮೆಂಟಿಯ ನೂರರಿಂದ ಟಾಸಿಗ್ ಆರಿಸಿದ ಇಪ್ಪತ್ತೊಂಬತ್ತು. ಬ್ಯೂಲೋ ಮಹಾ ಬುದ್ಧಿವಂತ, ಆದರೆ ಪುಟದ ತುಂಬ ಅವನದೇ ಮಾತು.

ಹಳೆಯ ಪುಸ್ತಕದ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ದಂಡು ಪ್ರದೇಶದ ಹಳೆಯ ಮನೆಗಳಲ್ಲೋ, ಗುಜರಿಯಲ್ಲೋ ಇಂಗ್ಲೆಂಡಿನಲ್ಲಿ ಅಚ್ಚಾದ ನೂರು ವರ್ಷದ ಹಿಂದಿನ ಪಿಯಾನೋ ಪುಸ್ತಕ ನಿಮ್ಮ ಕೈಗೆ ಬರಬಹುದು. ಅದರಲ್ಲಿ ಹೆಬ್ಬೆರಳಿಗೆ ಗುಣಾಕಾರದ ಗುರುತು ಇದ್ದರೆ ಜೋಪಾನ. ಆ ಪದ್ಧತಿಯಲ್ಲಿ 1 ಅಂದರೆ ತೋರುಬೆರಳು, ಕಿರುಬೆರಳಿಗೆ 4. ತಿಳಿಯದೆ ನುಡಿಸಿದರೆ ಕೈಯೆಲ್ಲ ಗೋಜಲು. ಇನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಪ್ರತಿಗಳು. ಹಕ್ಕಿನ ಅವಧಿ ಮುಗಿದವು ಎಂದಮೇಲೆ ಅವು ಬಹುಮಟ್ಟಿಗೆ ಹಳೆಯ ಸಂಪಾದಕರವೇ. ನನ್ನ ತಕರಾರು ಪುಕ್ಕಟೆ ಎಂಬುದರ ಮೇಲಲ್ಲ. ಬೇಕಾದ ನಾಲ್ಕು ಪುಟವನ್ನು ಮಾತ್ರ ಮುದ್ರಿಸಿ ಪಿನ್ ಹೊಡೆದುಕೊಂಡು ಬರುತ್ತಾರೆ. ಸಂಪಾದಕನ ಹೆಸರಿರುವ ಮೊದಲ ಪುಟ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಆಗ ಅಂಕಿ ಯಾರದು ಎಂದು ಯಾರನ್ನು ಕೇಳುವುದು? ಅದೇ ಜಾಲದಲ್ಲಿ ಶ್ಲೆಸಿಂಗರನ 1833ರ ಮುದ್ರಣವೂ ಬಿಟ್ಟಿಯಾಗಿ ಇದೆ, ಅದನ್ನು ತೆರೆಯುವವರು ಕಡಿಮೆ.

ಇದೆಲ್ಲ ನಮಗೇಕೆ, ದೂರದ ದೇಶದ ಸಂಗೀತ ಎಂದು ಯಾರಾದರೂ ಕೇಳಿದರೆ ಮೈಸೂರಿನವರು ಉತ್ತರ ಕೊಡಬಲ್ಲರು. ಜಯಚಾಮರಾಜ ಒಡೆಯರ್ ವಾಗ್ಗೇಯಕಾರರಾಗುವ ಮೊದಲೇ ಪಿಯಾನೋ ಸಾಧಕರು, ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಶಿಯೇಟ್ ಪಡೆದವರು. ಮರೆತುಹೋಗುತ್ತಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್‌ನ ಸಂಗೀತ ರೆಕಾರ್ಡ್ ಆದದ್ದು ಅವರು ಕೊಟ್ಟ ಹಣದಿಂದ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಅವರಿಗೇ ಅರ್ಪಿಸಿದ.

ಕೊನೆಗೆ ಉಳಿದದ್ದು ಫ್ರಾನ್ಸಿನ ಸಂಗೀತಕಾರ ಕ್ಲಾಡ್ ದೆಬ್ಯುಸಿಯ ಎಟ್ಯೂಡುಗಳು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಯ ಪುಸ್ತಕಗಳು ಫ್ರಾನ್ಸಿಗೆ ಬರುವುದು ನಿಂತಿತು. ಪ್ಯಾರಿಸ್ಸಿನ ದ್ಯುರಾಂ ಪ್ರಕಾಶನದವರು ಶೋಪ್ಯಾನನ ಕೃತಿಗಳನ್ನು ಪರಿಷ್ಕರಿಸುವ ಕೆಲಸವನ್ನು ದೆಬ್ಯುಸಿಗೆ ವಹಿಸಿದರು. ಶೋಪ್ಯಾನನ ಪುಟಗಳೊಂದಿಗೆ ಹೆಣಗಿದ ಅದೇ 1915ರಲ್ಲಿ ಅವನು ತಾನೇ ಹನ್ನೆರಡು ಎಟ್ಯೂಡ್ ಬರೆದು ಅವನ್ನು ಶೋಪ್ಯಾನನ ನೆನಪಿಗೆ ಅರ್ಪಿಸಿದ. ಮೊದಲನೆಯದು ‘ಶ್ರೀಮಾನ್ ಚೆರ್ನಿಯವರ ಪ್ರಕಾರ ಐದು ಬೆರಳಿಗೆ’, ಶುದ್ಧ ಚೇಷ್ಟೆ. ಶೋಪ್ಯಾನ್ ಓಪಸ್ 10ರ ಎರಡನೆಯದರಲ್ಲಿ ಒಂದೊಂದು ಸ್ವರಕ್ಕೂ ಎನ್ನುವಷ್ಟು ಅಂಕಿ ಬರೆದಿದ್ದನಲ್ಲ, ದೆಬ್ಯುಸಿ ಇಡಿಯ ಪುಸ್ತಕದಲ್ಲಿ ಒಂದೂ ಬರೆಯಲಿಲ್ಲ. ಮರೆತು ಬಿಟ್ಟದ್ದಲ್ಲ. ಮುನ್ನುಡಿಯಲ್ಲಿ ಕಾರಣ ಕೊಟ್ಟಿದ್ದಾನೆ: ಒಬ್ಬೊಬ್ಬರ ಕೈ ಒಂದೊಂದು ತರಹ, ಹೊರಗಿನಿಂದ ಹೇರಿದ ಅಂಕಿ ಎಲ್ಲರಿಗೂ ಹೊಂದಲಾರದು, ಅದಿಲ್ಲದಿರುವುದೇ ಒಳ್ಳೆಯ ಅಭ್ಯಾಸ, ನಮ್ಮ ಬೆರಳನ್ನು ನಾವೇ ಹುಡುಕಿಕೊಳ್ಳೋಣ ಎಂಬರ್ಥದ ಮಾತು. ಇಲ್ಲಿ ಬೆರಳು ಹುಡುಕುವುದೇ ಪಾಠ.

ಹಾಗಿರುವಾಗ ದೆಬ್ಯುಸಿಯ ಎಟ್ಯೂಡಿಗೆ ಸಂಪಾದಕರು ಅಂಕಿ ತುಂಬಿಕೊಟ್ಟ ಪುಸ್ತಕಕ್ಕೆ ಹಣ ಹಾಕಬೇಡಿ. ಬರಿಯ ಸ್ವರಗಳಿರುವುದನ್ನು ತನ್ನಿ, ಜೊತೆಗೊಂದು ಮೆತ್ತನೆಯ ಪೆನ್ಸಿಲ್, ಒಂದು ರಬ್ಬರ್. ರಬ್ಬರ್ ಸ್ವಲ್ಪ ದೊಡ್ಡದೇ ಇರಲಿ.